ಪಟಿಕ ಬಿಟ್ಟು ‘ಮಾಟದ ನೀರು’ ಹಿಡಿದೆ

ಹೋದ ಬೇಸಿಗೆಯಲ್ಲಿ ನನ್ನ ನೋಡಿ ನಕ್ಕ ದುರ್ಗದಬೈಲಿನ ಇಬ್ಬರು ಕಟಿಂಗ್ ಅಂಗಡಿಯವರು ಈಗ ‘ಆ ಬಾಟಲಿ ಎಲ್ಲಿ ತರಸ್ತೀರಿ’ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕತ್ತಿ ಹಿಡಿಯೋದು, ನೊರೆ ಎಬ್ಬಿಸೋದು ನಿಮಗೆ ಹೇಳಬೇಕಿಲ್ಲ. ದಾಡಿ ಆದಮೇಲೆ ಕೆಂಪಾಗಿ ಉರಿಯುವ ಚರ್ಮಕ್ಕೆ ಹಚ್ಚೋ ವಿಚ್ ಹೇಝಲ್ ನೀರಿನ ಮಾತಿದು.

ನಮ್ಮದು ಹಳೇ ಹುಬ್ಬಳ್ಳಿಯಲ್ಲಿ ಎರಡು ಕುರ್ಚಿಯ ಕಟಿಂಗ್ ಶಾಪ್. ಏಪ್ರಿಲ್ ಬಂದರೆ ಬಿಸಿಲು, ಧೂಳು, ಹೆಲ್ಮೆಟ್ ಬೆಲ್ಟಿನ ತಿಕ್ಕಾಟ. ಗಿರಾಕಿಗಳ ಕುತ್ತಿಗೆ ನೋಡೋಕಾಗಲ್ಲ. ಅಪ್ಪನ ಹತ್ತಿರ ಎಲ್ಲದಕ್ಕೂ ಒಂದೇ ಔಷಧ, ಪಟಿಕ. ‘ಉರಿದ್ರನ ಕೆಲಸಾ ಮಾಡಾಕತ್ತೈತಿ ಅಂತ ತಿಳ್ಕೊ’ ಅನ್ನುತ್ತಿದ್ದರು. ಗಾಯದ ರಕ್ತ ನಿಲ್ಲಿಸೋಕೆ ಪಟಿಕ ಚಲೋ, ಸುಳ್ಳಲ್ಲ. ಆದರೆ ಮೊದಲೇ ಕೆಂಪಾದ ಚರ್ಮಕ್ಕೆ ತಿಕ್ಕಿದರೆ ಗಿರಾಕಿ ಮುಂದಿನ ವಾರ ಬೇರೆ ಅಂಗಡಿಯಲ್ಲಿರುತ್ತಾನೆ.

ಅಮೆರಿಕದಿಂದ ರಜೆಗೆ ಬಂದಿದ್ದ ಗಿರಾಕಿಯೊಬ್ಬ ಉಳಿದ ಬಾಟಲಿ ಬಿಟ್ಟುಹೋದ. ವಿಚ್ ಹೇಝಲ್. ಅಲ್ಲಿನ ಪೂರ್ವ ಭಾಗದ ಕಾಡಿನ ಪೊದೆಯಂತೆ. ಎಲೆ ಉದುರೋ ಹೊತ್ತಿಗೆ ಹಳದಿ ದಾರದೆಳೆಯಂಥ ಹೂ ಬಿಡುತ್ತದೆ, ಫೋನಿನಲ್ಲಿ ತೋರಿಸಿದ. ರೆಂಬೆಗಳನ್ನು ಕಡಿದು, ಪನ್ನೀರು ಇಳಿಸಿದ ಹಾಗೆ ಹಬೆಯಿಂದ ಇಳಿಸುತ್ತಾರೆ. ‘ವಿಚ್’ ಅಂದರೆ ಮಾಟಗಾತಿ ಅಂತ ಪಕ್ಕದ ಚಹಾ ಅಂಗಡಿಯವ ‘ಮಾಟದ ನೀರು’ ಅಂತ ಹೆಸರಿಟ್ಟ. ಈ ಗಿಡದ ಹೆಸರಿನ ‘ವಿಚ್’ಗೆ ಹಳೇ ಇಂಗ್ಲಿಷಿನಲ್ಲಿ ಸುಲಭವಾಗಿ ಬಾಗೋದು ಅನ್ನೋ ಅರ್ಥವಂತೆ, ಮಾಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಹೆಸರು ಮಾತ್ರ ನಿಂತುಬಿಟ್ಟಿತು.

ಮೊದಲ ಗಿರಾಕಿಗೆ ಹಚ್ಚಿದೆ. ‘ಅಯ್ಯಯ್ಯೋ’ ಅಂತ ಕುರ್ಚಿ ಬಿಟ್ಟು ಎದ್ದ. ಆಮೇಲೆ ಚೀಟಿ ಓದಿದರೆ 14% ಆಲ್ಕೋಹಾಲ್! ಅಪ್ಪ ಎರಡು ದಿನ ನಕ್ಕರು.

ಆನ್‌ಲೈನ್‌ನಲ್ಲಿ ಇನ್ನೊಂದು ತರಿಸಿದೆ, ಆರುನೂರರ ಆಸುಪಾಸು. ಆಲ್ಕೋಹಾಲ್ ಇರಲಿಲ್ಲ, ಆದರೆ ಗುಲಾಬಿ ಸೆಂಟು ಹಾಕಿದ್ದರು. ನಾಲ್ಕು ಜನಕ್ಕೆ ಸರಿ ಹೋಯಿತು, ಐದನೆಯವನ ಗಲ್ಲ ಕೆರೆದು ಕೆರೆದು ದಪ್ಪಗಾಯಿತು. ಮೂರನೇ ತಪ್ಪು ನನ್ನದೇ. ಅಪ್ಪನ ಮನಸ್ಸು ನೋಯಬಾರದು ಅಂತ ಮೊದಲು ಪಟಿಕ, ಮೇಲೆ ಇದು. ಎರಡೂ ಚರ್ಮ ಬಿಗಿ ಮಾಡೋವೇ ಅಲ್ವಾ? ಮರುದಿನ ಗಿರಾಕಿಯ ಗದ್ದದಲ್ಲಿ ಹಪ್ಪಳದ ಹಾಗೆ ಸಿಪ್ಪೆ. ಬಾಟಲಿಗಳು, ಬಿಟ್ಟಿ ಮಾಡಿಕೊಟ್ಟ ದಾಡಿಗಳು ಸೇರಿ ಮೂರು-ನಾಲ್ಕು ಸಾವಿರ ಕೈಬಿಟ್ಟಿರಬೇಕು.

ಈ ನಡುವೆ ಸಿಟ್ಟಿಗೆ ನಮ್ಮ ಜಾಲಿ ತೊಗಟೆಯನ್ನೇ ಕುದಿಸಿದೆ. ಅದರಲ್ಲೂ ಚರ್ಮ ಬಿಗಿ ಮಾಡೋ ಒಗರು (ಟ್ಯಾನಿನ್) ಇದೆ, ಅಮೆರಿಕದ ಪೊದೆ ಯಾಕೆ ಬೇಕು ಅಂತ. ಕುದಿಸಿದ್ದು ಕಬ್ಬಿಣದ ಬಾಂಡ್ಲಿಯಲ್ಲಿ. ಒಗರಿಗೆ ಕಬ್ಬಿಣ ಸೇರಿ ಶಾಯಿ ಆಯಿತು! ಎರಡು ಟವೆಲ್ ಹೋದವು, ನನ್ನ ಗಲ್ಲಕ್ಕೂ ಕಪ್ಪು. ಪೇರಲ ಎಲೆ ಕಷಾಯ ಚಲೋ ಇತ್ತು, ಎರಡನೇ ದಿನಕ್ಕೆ ಹುಳಿ ವಾಸನೆ. ಒಂದು ಲಾಭ ಆಯಿತು. ತೊಗಟೆಯ ಒಗರು ಹಬೆಯ ಜೊತೆ ಏರೋದಿಲ್ಲ, ಪಾತ್ರೆಯಲ್ಲೇ ಉಳಿಯುತ್ತದೆ ಅಂತ ಓದಿ ತಿಳಿದೆ. ಅದಕ್ಕೇ ಬಾಟಲಿಯ ವಿಚ್ ಹೇಝಲ್ ನೀರು ತಿಳಿಯಾಗಿರುತ್ತದೆ, ತೊಗಟೆ ಕಷಾಯದಷ್ಟು ಬಿಗಿಯೋದಿಲ್ಲ. ತೊಗಟೆಯ ಸಾರದ ಬಾಟಲಿಯೂ ಸಿಗುತ್ತದೆ, ಅದು ಬೇರೆ ಮಾಲು. ತರಿಸೋವಾಗ ನೋಡಿ.

ಕೊನೆಗೆ ಕೂಡಿಬಂದಿದ್ದು ಹೀಗೆ. ಆಲ್ಕೋಹಾಲ್ ಇಲ್ಲದ್ದು, ಸೆಂಟು ಇಲ್ಲದ್ದು. ದಾಡಿ ಆದ ಕೂಡಲೇ ತಣ್ಣೀರಲ್ಲಿ ಮುಖ ತೊಳೆಸಿ, ಒತ್ತಿ ಒರೆಸುತ್ತೇನೆ. ಹತ್ತಿಯನ್ನು ಮೊದಲು ನೀರಲ್ಲಿ ಅದ್ದಿ ಹಿಂಡುತ್ತೇನೆ, ಇಲ್ಲದಿದ್ದರೆ ಅರ್ಧ ಮಾಲು ಹತ್ತಿಯೇ ಕುಡಿಯುತ್ತದೆ. ಅದರ ಮೇಲೆ ಒಂದೂವರೆ ಮಿಲಿ. ತಿಕ್ಕಬೇಡಿ, ಒತ್ತಿ ಹಿಡಿಯಿರಿ, ಅರ್ಧ ನಿಮಿಷ. ಆಮೇಲೆ ಒಂದು ಬೊಟ್ಟು ಲೋಳಸರದ ಜೆಲ್. ಹತ್ತಿಯನ್ನು ಎಷ್ಟು ತಂಪು ಮಾಡಿ ಇಡುತ್ತೇನೆ, ಯಾವ ಡಬ್ಬಿಯಲ್ಲಿ, ಅದು ನನ್ನ ಹತ್ತಿರವೇ ಇರಲಿ.

350 ಮಿಲಿ ಬಾಟಲಿಗೆ ಸಾವಿರದ ನೂರೋ ಇನ್ನೂರೋ ಕೊಟ್ಟ ನೆನಪು. ಇನ್ನೂರು ಚಿಲ್ಲರೆ ದಾಡಿಗೆ ಬರುತ್ತದೆ, ಅಂದರೆ ತಲೆಗೆ ಐದಾರು ರೂಪಾಯಿ. ನಾನು ಹತ್ತು ರೂಪಾಯಿ ಜಾಸ್ತಿ ತಗೋತೀನಿ. ಮೊದಲ ವಾರ ಜಗಳ, ಈಗ ಕೇಳೋರೇ ಇಲ್ಲ. ಧಾರವಾಡದಿಂದ ಚಿಗರಿ ಬಸ್ ಹತ್ತಿ ಬರೋ ಗಿರಾಕಿ ಇಬ್ಬರಿದ್ದಾರೆ!

ಹೊಸಬರಿಗೆ ಮೊಣಕೈ ಒಳಗೆ ಹಚ್ಚಿ ಕಳಿಸುತ್ತೇನೆ, ಮರುದಿನ ಸರಿ ಇದ್ದರೆ ಮುಖಕ್ಕೆ. ಕೀವು ತುಂಬಿದ ಗುಳ್ಳೆಗೆ ಮುಟ್ಟೋದೇ ಇಲ್ಲ, ಚರ್ಮದ ಡಾಕ್ಟರ್ ಹತ್ತಿರ ಹೋಗು ಅನ್ನುತ್ತೇನೆ. ಕೂದಲು ಒಳಗೇ ಸುರುಳಿ ಸುತ್ತಿ ಏಳೋ ಗುಳ್ಳೆಗೂ ಇದರಿಂದ ಉರಿ ಇಳಿಯುತ್ತದೆ ಅಷ್ಟೇ, ಕೂದಲು ಹೊರಗೆ ಬರಲ್ಲ. ಅಂಥವರಿಗೆ ಮೂರು ವಾರ ಬರೀ ಟ್ರಿಮ್ಮರ್.

ಮೊನ್ನೆಯಿಂದ ಎದುರಿನ ಪಾರ್ಲರ್ ಅಕ್ಕ ಥ್ರೆಡ್ಡಿಂಗ್ ಆದ ಹುಬ್ಬಿಗೂ ಹಚ್ಚುತ್ತಿದ್ದಾರೆ. ಕಣ್ಣಿಗೆ ಹೋಗದ ಹಾಗೆ ಹತ್ತಿಯನ್ನು ಚೆನ್ನಾಗಿ ಹಿಂಡಬೇಕು. ಚಲೋ ಬಂದಿದೆಯಂತೆ. ಅರ್ಧ ಬಾಟಲಿಯ ರೊಕ್ಕ ಮಾತ್ರ ಇನ್ನೂ ಬಂದಿಲ್ಲ.