ಕರೆಂಟ್ ಬಂದ ತಕ್ಷಣ ನ್ಯಾಸ್ ಆನ್ ಮಾಡಬೇಡಿ

ನಮ್ಮ ಸ್ಟುಡಿಯೋದಲ್ಲಿ ಎರಡು ಡಿಸ್ಕಿನ ನ್ಯಾಸ್ ಇದೆ. ಹಾರ್ಡ್‌ಡಿಸ್ಕ್ ತುಂಬಿ ನೆಟ್‌ವರ್ಕ್‌ಗೆ ಜೋಡಿಸಿಡುವ ಡಬ್ಬಿ, ಅಷ್ಟೇ. ಮದುವೆ ವಿಡಿಯೋ, ಫೋಟೋ ಎಲ್ಲ ಅದರಲ್ಲೇ. ಬಳ್ಳಾರಿಯ ಏಪ್ರಿಲ್ ಬಿಸಿಲು ಗೊತ್ತಲ್ವಾ. ಧೂಳು ಕೂರಬಾರದು ಅಂತ ಅದನ್ನು ಗಾಜಿನ ಶೋಕೇಸಿನೊಳಗಿಟ್ಟು ಬಾಗಿಲು ಹಾಕಿದ ಬುದ್ಧಿವಂತ ನಾನೇ. ಒಂದು ಮಧ್ಯಾಹ್ನ ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಮೂರನೇ ಸಲ ಬಂದಾಗ ಡಬ್ಬಿ ಏಳಲಿಲ್ಲ. ಲೈಟ್ ಒಮ್ಮೆ ಮಿನುಗುತ್ತದೆ, ಒಳಗೆ ಟಿಕ್ ಅನ್ನುತ್ತದೆ, ಆರುತ್ತದೆ, ಮತ್ತೆ ಮೊದಲಿಂದ. ಕೈ ಇಟ್ಟರೆ ಆಗತಾನೆ ಇಸ್ತ್ರಿ ಮಾಡಿದ ಪ್ಯಾಂಟಿನಷ್ಟು ಬಿಸಿ.

ಇಂಥ ಹೊತ್ತಲ್ಲಿ ಮೊದಲು ಪ್ಲಗ್ ಕೀಳಿ. ಬಟನ್ ಒತ್ತಿ ಒತ್ತಿ ನೋಡಬೇಡಿ. ಕರೆಂಟ್ ಹಠಾತ್ ಹೋದಾಗ, ಇನ್ನೂ ತಿರುಗುತ್ತಿರುವ ತಟ್ಟೆಗಳ ವೇಗದಿಂದಲೇ ಡಿಸ್ಕಿನ ಮೋಟಾರ್ ಡೈನಮೋ ಥರ ಒಂಚೂರು ಕರೆಂಟ್ ಹುಟ್ಟಿಸಿ, ಓದುವ ಹೆಡ್ ಅನ್ನು ಪಕ್ಕಕ್ಕೆ ಸರಿಸಿ ನಿಲ್ಲಿಸುತ್ತದೆ. ಅಪರೂಪಕ್ಕೊಮ್ಮೆ ಆದರೆ ಪರವಾಗಿಲ್ಲ. ಐದು ನಿಮಿಷದಲ್ಲಿ ನಾಲ್ಕು ಸಲ ಮಾಡಿಸಿದರೆ ಅದಕ್ಕೂ ಕಷ್ಟ.

ಆಮೇಲೆ ತಣ್ಣಗಾಗಲು ಬಿಡಿ. ಫ್ರಿಜ್‌ನಲ್ಲಿಡಿ ಅಂತ ಹೇಳುವ ಒಬ್ಬರು ಎಲ್ಲ ಕಡೆ ಇರುತ್ತಾರೆ, ಕೇಳಬೇಡಿ. ಹೊರಗೆ ತೆಗೆದ ಕೂಡಲೇ ಬೋರ್ಡ್ ಬೆವರುತ್ತದೆ, ಆ ನೀರಿನ ಮೇಲೆ ಕರೆಂಟ್ ಕೊಟ್ಟರೆ ಕಥೆ ಮುಗಿಯಿತು. ಫ್ಯಾನ್ ಕೆಳಗೆ ಒಂದು ಗಂಟೆ ಇಡಿ ಸಾಕು. ಅಷ್ಟರಲ್ಲಿ ಕರೆಂಟ್ ಒಂದೇ ಸಮ ಬರುತ್ತಿದೆಯೋ, ಇನ್ನೂ ಹೋಗಿ ಬಂದು ಮಾಡುತ್ತಿದೆಯೋ ಅದೂ ಗೊತ್ತಾಗುತ್ತದೆ.

ಈಗ ಅಡಾಪ್ಟರ್. ಟಿಕ್ ಟಿಕ್ ಕೇಳಿದ ಕೂಡಲೇ ಡಿಸ್ಕ್ ಹೋಯಿತು ಅಂತ ಅಳುವುದು ಬೇಡ. 3.5 ಇಂಚಿನ ಡಿಸ್ಕ್ ತಿರುಗಲು ಶುರು ಮಾಡುವಾಗ 12 ವೋಲ್ಟ್ ಲೈನಿನಲ್ಲಿ ಸುಮಾರು 2 ಆಂಪ್ ಎಳೆಯುತ್ತದೆ. ಸೊರಗಿದ ಅಡಾಪ್ಟರ್ ಆ ಕ್ಷಣದಲ್ಲಿ ಕುಸಿಯುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿದರೆ ಸರಿಯಾಗಿ 12 ತೋರಿಸುತ್ತದೆ, ಯಾಕೆಂದರೆ ಆಗ ಅದರ ಮೇಲೆ ಭಾರವೇ ಇಲ್ಲ. ಹಾಗಾಗಿ ಹೀಗೆ ಮಾಡಿ: ಡಿಸ್ಕ್‌ಗಳ ಮೇಲೆ 1, 2 ಅಂತ ಚೀಟಿ ಅಂಟಿಸಿ ಎರಡನ್ನೂ ಹೊರಗೆ ತೆಗೆದು ಖಾಲಿ ಡಬ್ಬಿ ಆನ್ ಮಾಡಿ. ಲೈಟ್ ಬಂದು ಆರದೆ ಉಳಿದರೆ ಆಫ್ ಮಾಡಿ, ಡಿಸ್ಕ್‌ಗಳನ್ನು ಅದದೇ ಜಾಗಕ್ಕೆ ಹಾಕಿ ನೋಡಿ. ಆಗ ಮಾತ್ರ ಕುಸಿದರೆ ಮೊದಲ ಅನುಮಾನ ಅಡಾಪ್ಟರ್ ಮೇಲೆ. ಒಂದೇ ಡಿಸ್ಕ್ ಹಾಕಿ ಪರೀಕ್ಷೆ ಮಾಡಬೇಡಿ, ಜೋಡಿ ಮುರಿಯಿತು ಅಂತ ರೇಡ್ (ಎರಡೂ ಡಿಸ್ಕಿನಲ್ಲಿ ಒಂದೇ ಪ್ರತಿ ಇಡುವ ವ್ಯವಸ್ಥೆ) ಬೇರೆ ರಾಗ ಎಳೆಯುತ್ತದೆ. ಹೊಸ ಅಡಾಪ್ಟರ್‌ನ ವೋಲ್ಟ್, ಪಿನ್ನಿನ ಪ್ಲಸ್ ಮೈನಸ್ ಎರಡೂ ಹಳೆಯದರಂತೆಯೇ ಇರಲಿ. ಆಂಪ್ ಜಾಸ್ತಿ ಇದ್ದರೆ ತೊಂದರೆ ಇಲ್ಲ. ಪಿನ್ ಕೂತಿತು ಅಂತ ಲ್ಯಾಪ್‌ಟಾಪಿನ 19 ವೋಲ್ಟ್ ಚುಚ್ಚಿದರೆ ಬೋರ್ಡ್ ಸುಡುತ್ತದೆ. ನನ್ನದು ಹೊಸ ಅಡಾಪ್ಟರ್‌ಗೇ ಎದ್ದು ಕೂತಿತು.

ಎದ್ದ ಮೇಲೂ ಅವಸರ ಬೇಡ. ಮೊದಲು ಮುಖ್ಯ ಫೈಲ್‌ಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ, ರಿಪೇರಿ ಗಿಪೇರಿ ಆಮೇಲೆ. ರೇಡ್ ಇದೆಯಲ್ಲ ಅನ್ನಬೇಡಿ, ಎರಡೂ ಡಿಸ್ಕ್ ಅದೇ ಬಿಸಿಯಲ್ಲಿ ಬೆಂದು ಅದೇ ಏಟು ತಿಂದಿವೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿಯನ್ನು ನ್ಯಾಸ್‌ನಲ್ಲಿ ತೆಗೆದು 197 ನಂಬರಿನ ಸಾಲು ನೋಡಿ, ಓದಲು ತಕರಾರು ಮಾಡುತ್ತಿರುವ ಜಾಗಗಳ ಲೆಕ್ಕ ಅದು. ಅಲ್ಲಿ ಸೊನ್ನೆ ಇರಬೇಕು. ಏರುತ್ತಾ ಹೋದರೆ ಡಿಸ್ಕ್ ಬದಲಿಸಿ. 194 ನಂಬರಿನ ಸಾಲು ಬಿಸಿಯದು. ಡಿಸ್ಕ್‌ಗಳ ಮಿತಿ ಸಾಮಾನ್ಯವಾಗಿ 60 ಡಿಗ್ರಿ ಅಂತಿರುತ್ತದೆ. ನಾನು 45 ದಾಟಿದರೆ ಗಾಳಿ ಬಗ್ಗೆ ಯೋಚಿಸುತ್ತೇನೆ, 55ಕ್ಕೆ ಆಫ್ ಮಾಡುತ್ತೇನೆ. ಹಠಾತ್ ಆಫ್ ಆಗಿದ್ದರೆ ಡಬ್ಬಿ ತಾನೇ ರೀಸಿಂಕ್, ಅಂದರೆ ಎರಡೂ ಡಿಸ್ಕನ್ನು ತಾಳೆ ನೋಡಿ ಸರಿಮಾಡುವ ಕೆಲಸ, ಶುರು ಮಾಡಬಹುದು. ಅದು ಗಂಟೆಗಟ್ಟಲೆ ಓಡಿ ಡಿಸ್ಕ್ ಇನ್ನಷ್ಟು ಬಿಸಿಯಾಗುತ್ತದೆ, ಹಾಗಾಗಿ ಕಾಪಿ ಮುಗಿಯುವವರೆಗೆ ಅದರ ವೇಗ ತಗ್ಗಿಸಿಡಿ.

ಹಾಗಂತ ಏಸಿ ರೂಮೇ ಬೇಕು ಅಂತಲ್ಲ. 2007ರಲ್ಲಿ ಗೂಗಲ್‌ನವರು ಲಕ್ಷಕ್ಕೂ ಜಾಸ್ತಿ ಡಿಸ್ಕ್‌ಗಳ ಲೆಕ್ಕ ಹಾಕಿದಾಗ ತೀರಾ ತಂಪಾಗಿದ್ದವು ಹೆಚ್ಚು ಬಾಳಿರಲಿಲ್ಲ. ಬಿಸಿಯ ಏಟು ಎದ್ದು ಕಂಡಿದ್ದು ಮೂರು ವರ್ಷ ದಾಟಿದವುಗಳಲ್ಲಿ. ನಮಗೆ ಬೇಕಿರುವುದು ಗಾಳಿ ಓಡಾಟ. ಶೋಕೇಸ್‌ನಿಂದ ಹೊರಗೆ ತನ್ನಿ. ಹಿಂಭಾಗ ಗೋಡೆಗೆ ತಾಗದೆ ಒಂದು ಗೇಣು ಬಿಡಿ. ಹಿಂದಿನ ಫ್ಯಾನಿಗೆ ಬ್ಲೋವರ್ ಹಿಡಿಯುವಾಗ ರೆಕ್ಕೆ ಸುತ್ತದಂತೆ ಪೆನ್ಸಿಲ್ ಅಡ್ಡ ಇಡಿ. ನನ್ನದರಲ್ಲಿ ಧೂಳಿನ ಜೊತೆ ಒಂದು ಒಣಗಿದ ಹಲ್ಲಿಯೂ ಬಂತು.

ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಸೆಟ್ಟಿಂಗ್ ನಾನು ತೆಗೆದಿದ್ದೇನೆ. ಮನೆಯ ಇನ್ವರ್ಟರ್ ನಂಬಬೇಡಿ, ಲೈನ್ ಬದಲಾಗುವ ಆ ಗಳಿಗೆಯಲ್ಲೇ ಡಬ್ಬಿ ಆಫ್ ಆಗಬಹುದು. ಚಿಕ್ಕ ಯುಪಿಎಸ್ ಒಂದು ಹಾಕಿ, ಅದರ ಯುಎಸ್‌ಬಿ ವೈರ್ ಅನ್ನು ನ್ಯಾಸ್‌ಗೆ ಸಿಕ್ಕಿಸಿ. ವೈರ್ ಇದ್ದರೆ ಮಾತ್ರ ಬ್ಯಾಟರಿ ಇಳಿಯುತ್ತಿದೆ ಅಂತ ಗೊತ್ತಾಗಿ ಅದು ತಾನೇ ಸರಿಯಾಗಿ ಶಟ್‌ಡೌನ್ ಆಗುತ್ತದೆ. ಬೇಸಿಗೆಗೆ ಮುಂಚೆ ಒಂದು ಸಲ ಡಿಸ್ಕ್ ಸುಮ್ನೆ ಇರುವಾಗ ಯುಪಿಎಸ್‌ನ ಗೋಡೆ ಪ್ಲಗ್ ಕಿತ್ತು ನೋಡಿ. ಎರಡು ನಿಮಿಷಕ್ಕೇ ಬ್ಯಾಟರಿ ಮುಗಿಯಿತು ಅಂತ ಬಿಡದೆ ಕಿರುಚಲು ಶುರು ಮಾಡಿದರೆ ಹೊಸ ಬ್ಯಾಟರಿ ತರಲು ಹೊರಡಿ.