ಹಾಸನದಲ್ಲಿದ್ದುಕೊಂಡೇ ಶೇಪ್ ನೋಟ್ ಹಾಡುಪುಸ್ತಕಗಳ ಇತಿಹಾಸವನ್ನು ಹುಡುಕುವ ಬಗೆ

ಹಾಸನದ ಚರ್ಚುಗಳ ಗಾಯಕವೃಂದಗಳಲ್ಲಿ ಹಾಡುವವರು ಅಮೆರಿಕದ ದಕ್ಷಿಣ ಭಾಗದ ಕ್ರೈಸ್ತ ಭಕ್ತಿಗೀತೆಗಳಾದ ಸದರ್ನ್ ಗಾಸ್ಪೆಲ್ ಗೀತೆಗಳ ಮೂಲವನ್ನು ಹುಡುಕಲು ಕಡಲು ದಾಟಬೇಕಾಗಿಲ್ಲ. ಆ ಮೂಲವಿರುವುದು ಶೇಪ್ ನೋಟ್ ಪುಸ್ತಕಗಳಲ್ಲಿ, ಅಂದರೆ ಸ್ವರಚಿಹ್ನೆಯ ತಲೆಯ ಆಕಾರದಿಂದಲೇ ಸ್ವರವನ್ನು ತಿಳಿಸುವ ಹಾಡುಪುಸ್ತಕಗಳಲ್ಲಿ. ಪ್ರಕಟವಾಗಿ 95 ವರ್ಷ ದಾಟಿದ ಪುಸ್ತಕಗಳಿಗೆ ಅಲ್ಲಿ ಹಕ್ಕುಸ್ವಾಮ್ಯ ಉಳಿದಿರುವುದಿಲ್ಲವಾದ್ದರಿಂದ, ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಅಂಥ ಅನೇಕ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ನೋಡಬಹುದು.

ಪುಸ್ತಕ ತೆರೆದೊಡನೆ ಸ್ವರಚಿಹ್ನೆಗಳ ತಲೆಯನ್ನು ದೊಡ್ಡದು ಮಾಡಿ ನೋಡಿ. 1801ರ ‘ದಿ ಈಸಿ ಇನ್‌ಸ್ಟ್ರಕ್ಟರ್’ ಬಳಕೆಗೆ ತಂದ ಪದ್ಧತಿಯಲ್ಲಿ ನಾಲ್ಕೇ ಆಕಾರಗಳಿವೆ. ನಮ್ಮ ಸರಿಗಮದಲ್ಲಿ ಹೇಳುವುದಾದರೆ ಸ ಮತ್ತು ಮ ತ್ರಿಕೋನ, ರಿ ಮತ್ತು ಪ ವೃತ್ತ, ಗ ಮತ್ತು ದ ಚೌಕ, ನಿ ಮಾತ್ರ ವಜ್ರಾಕೃತಿ. ಶ್ರುತಿ ಬದಲಾದರೂ ಸ್ವರದ ಹೆಸರು ಬದಲಾಗದ ನಮ್ಮ ಅಭ್ಯಾಸ ಇದ್ದವರಿಗೆ ಇದು ಬೇಗ ಒಲಿಯುತ್ತದೆ. 1846ರಲ್ಲಿ ಜೆಸ್ಸಿ ಐಕಿನ್ ಏಳು ಸ್ವರಗಳಿಗೂ ಬೇರೆಬೇರೆ ಆಕಾರ ಕೊಟ್ಟರು. ಗಾಸ್ಪೆಲ್ ಪ್ರಕಾಶಕರು ಮುಂದೆ ಅನುಸರಿಸಿದ್ದು ಇದನ್ನೇ. ಆದರೆ ನಾಲ್ಕು ಆಕಾರ ಕಂಡ ಮಾತ್ರಕ್ಕೆ ಪುಸ್ತಕ 1846ಕ್ಕಿಂತ ಹಳೆಯದೆಂದು ತೀರ್ಮಾನಿಸಬಾರದು, ಏಕೆಂದರೆ 1844ರ ‘ದಿ ಸೇಕ್ರೆಡ್ ಹಾರ್ಪ್’ ಇಂದಿಗೂ ನಾಲ್ಕು ಆಕಾರಗಳಲ್ಲೇ ಅಚ್ಚಾಗುತ್ತಿದೆ.

ಅನಂತರ ಮುಖಪುಟದಲ್ಲಿರುವ ಊರಿನ ಹೆಸರನ್ನು ಬರೆದುಕೊಳ್ಳಿ. ವರ್ಜೀನಿಯಾದ ಡೇಟನ್ ರೂಬುಷ್-ಕೀಫರ್ ಪ್ರಕಾಶನ ಸಂಸ್ಥೆಯ ನೆಲೆಯಾಗಿತ್ತು, ಜಾರ್ಜಿಯಾದ ಡಾಲ್ಟನ್ ಶೋವಾಲ್ಟರ್ ಅವರದು, ಡಲ್ಲಾಸ್ ಸ್ಟ್ಯಾಂಪ್ಸ್-ಬ್ಯಾಕ್ಸ್‌ಟರ್ ಅವರದು. ಟೆನೆಸಿಯ ಲಾರೆನ್ಸ್‌ಬರ್ಗ್ ಎಂದಿದ್ದರೆ ಪ್ರಕಾಶಕ ಜೇಮ್ಸ್ ವಾನ್ ಅವರನ್ನು ನೆನೆಯಬೇಕು. ತಮ್ಮ ಪುಸ್ತಕಗಳ ಮಾರಾಟಕ್ಕಾಗಿಯೇ ಅವರು 1910ರಲ್ಲಿ ನಾಲ್ವರು ಗಾಯಕರ ತಂಡವೊಂದನ್ನು ಊರೂರಿಗೆ ಕಳುಹಿಸಿದರು. ಆದ್ದರಿಂದ ಗಾಯಕರ ಚರಿತ್ರೆಯನ್ನು ಅಚ್ಚುಕೂಟದ ಚರಿತ್ರೆಯಿಂದ ಬೇರ್ಪಡಿಸಿ ಓದಿದರೆ ಅರ್ಧ ಸತ್ಯವಷ್ಟೇ ಸಿಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಕಟಣೆಯ ವರ್ಷದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಗಾಯನ ಸಮ್ಮೇಳನಗಳಿಗಾಗಿ ವರ್ಷವರ್ಷವೂ ಹೊಸ ತೆಳು ಪುಸ್ತಕಗಳು ಬರುತ್ತಿದ್ದವು. ಹಳೆಯ ಹಾಡುಗಳು ಅವುಗಳಲ್ಲಿ ಮತ್ತೆ ಸೇರುತ್ತಿದ್ದವು. ಹಾಡಿನ ಪುಟದಲ್ಲಿರುವ ಹಕ್ಕುಸ್ವಾಮ್ಯದ ಸಾಲು ಆ ಹಾಡಿಗೆ ಸೇರಿದ್ದೇ ಹೊರತು ಪುಸ್ತಕಕ್ಕಲ್ಲ. ಮುಖಪುಟ ಹರಿದುಹೋಗಿದ್ದರೆ ಎಲ್ಲ ಹಾಡುಗಳ ಸಾಲುಗಳನ್ನೂ ನೋಡಿ ಅತಿ ಈಚಿನ ವರ್ಷವನ್ನು ಗುರುತಿಸಿ. ಪುಸ್ತಕ ಅದಕ್ಕಿಂತ ಮುಂಚಿನದಾಗಿರಲು ಸಾಧ್ಯವಿಲ್ಲ. ಮುನ್ನುಡಿಯ ಕೊನೆಯಲ್ಲಿ ಊರು, ತಿಂಗಳು ಇದ್ದರೆ ಅದನ್ನೂ ದಾಖಲಿಸಿ.

ನಮ್ಮ ಮನೆಗಳಲ್ಲಿರುವ ಹಳೆಯ ಸಂಗೀತ ಪುಸ್ತಕಗಳನ್ನೂ ಜೊತೆಗಿಟ್ಟು ನೋಡುವವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸ್ವರಗಳು ಆಕಾರಗಳ ಬದಲು d, r, m ಮೊದಲಾದ ಇಂಗ್ಲಿಷ್ ಅಕ್ಷರಗಳಲ್ಲಿದ್ದರೆ ಅದು ಇಂಗ್ಲೆಂಡಿನ ಜಾನ್ ಕರ್ವೆನ್ ಪ್ರಚುರಪಡಿಸಿದ ಟಾನಿಕ್ ಸೋಲ್‌ಫಾ. ಅದನ್ನು ಬೇರೆ ಪಟ್ಟಿಯಲ್ಲಿಯೇ ಬರೆದಿಡಿ.