ಗಂಟು ಬಿಚ್ಚುವ ಮೊದಲು ಒಂದು ಫೋಟೋ ತೆಗೆಯಿರಿ

ಧಾರವಾಡದ ವಕೀಲರೊಬ್ಬರು ಬಿಟ್ಟುಹೋದ ಕಾಗದಪತ್ರಗಳು ನಮ್ಮ ಸಂಗ್ರಹಕ್ಕೆ ಬಂದದ್ದು ಬಟ್ಟೆಯ ಗಂಟುಗಳಲ್ಲಿ. "ಇದೆಲ್ಲಾ ರದ್ದಿ ಅಲ್ಲೇನ್ರಿ ಸರ? ಕಿರಾಣಿ ಚೀಟಿನೂ ಅದಾವು" ಅಂದರು ಅವರ ಸೊಸೆ. "ಚೀಟಿನೂ ಇರ್ಲಿ ಬಾಯಾರ, ಒಂದೂ ತೆಗೀಬ್ಯಾಡ್ರಿ" ಎಂದು ಕೇಳಿಕೊಂಡೆ.

ಪತ್ರ ಒಂದು ಕಡೆ, ಲೆಕ್ಕ ಒಂದು ಕಡೆ, ಫೋಟೋ ಒಂದು ಕಡೆ ಮಾಡಿಬಿಡೋಣ ಅಂತ ಯಾರಿಗಾದರೂ ಅನಿಸುತ್ತದೆ. ನಾನು ಹಾಗೆ ಮಾಡುವುದಿಲ್ಲ. ಇಟ್ಟವರು ಯಾವ ಕ್ರಮದಲ್ಲಿ ಇಟ್ಟಿದ್ದರೋ ಅದನ್ನು ಕೆಡಿಸಬಾರದು. ಅದಕ್ಕೇ ಗಂಟು ಬಿಚ್ಚುವ ಮೊದಲು ಫೋಟೋ. ಬಿಚ್ಚಿದ ಮೇಲೆ ಮೇಲಿನಿಂದ ಕೆಳಕ್ಕೆ ಪ್ರತಿ ಹಾಳೆಯ ಮೂಲೆಗೆ ನಂಬರು, ಅದೂ ಪೆನ್ಸಿಲಿನಲ್ಲಿ ಮಾತ್ರ.

ಒಂದು ಕಟ್ಟು 1953ರದ್ದು. ಆ ವರ್ಷ ಅದರಗುಂಚಿ ಶಂಕರಗೌಡ ಪಾಟೀಲರು ಕರ್ನಾಟಕದ ಏಕೀಕರಣಕ್ಕಾಗಿ ಉಪವಾಸ ಕೂತಿದ್ದರು. ಕಟ್ಟಿನ ಮೇಲೆ ಏಕೀಕರಣದ ಕರಪತ್ರ, ಅದರ ಕೆಳಗೆ ಪ್ರೆಸ್ಸಿನ ರಸೀದಿ, ಅದರ ಕೆಳಗೆ ಟಾಂಗಾ ಬಾಡಿಗೆಯ ಚೀಟಿ. ಕರಪತ್ರದಲ್ಲಿ ಬರೆಸಿದವರ ಹೆಸರಿಲ್ಲ. ದುಡ್ಡು ಕೊಟ್ಟವರು ವಕೀಲರೇ ಅಂತ ತಿಳಿದದ್ದು ರಸೀದಿಯಿಂದ. ರಸೀದಿಯನ್ನು ಲೆಕ್ಕದ ಫೈಲಿಗೆ ಸೇರಿಸಿದ್ದರೆ ಆ ಕರಪತ್ರ ಯಾರದ್ದೂ ಅಲ್ಲದೆ ಉಳಿಯುತ್ತಿತ್ತು, ಅಲ್ವಾ?

ಜಾಸ್ತಿ ಹೊತ್ತು ಹಿಡಿಯುವುದು ತಾರೀಕು. ಹಳಬರು ಎಷ್ಟೋ ಸಲ ಇಸವಿ ಬರೆಯುತ್ತಲೇ ಇರಲಿಲ್ಲ. ಒಂದು ಕಾರ್ಡಿನಲ್ಲಿ "ದುರ್ಮುಖಿ ಸಂ. ಕಾರ್ತೀಕ ಶುದ್ಧ" ಎಂದಷ್ಟೇ ಇತ್ತು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಹಾಗಾಗಿ ಅದು 1896 ಆಗಬಹುದು, 1956ಊ ಆಗಬಹುದು. ಕಾರ್ಡಿನ ಮೇಲೆ ವಿಕ್ಟೋರಿಯಾ ರಾಣಿಯ ಮುಖ ಇರಲಿಲ್ಲ, ಸ್ವತಂತ್ರ ಭಾರತದ ಮುದ್ರೆ ಇತ್ತು. ಅಂದರೆ ನವೆಂಬರ್ 1ಕ್ಕೆ ರಾಜ್ಯ ಒಂದಾದ ಬೆನ್ನಿಗೇ ಬರೆದದ್ದು! ಬೇರೆ ಯಾವುದಾದರೂ ಕಾರ್ಡಿನಲ್ಲಿ ಅಂಚೆ ದರ ಆಣೆಯ ಬದಲು ನಯಾ ಪೈಸೆಯಲ್ಲಿದ್ದರೆ ಅದು 1957ರ ಏಪ್ರಿಲ್ 1ರ ಈಚಿನದು ಎಂದೂ ಹೇಳಬಹುದು. ಆದರೆ ಲೆಕ್ಕ ಹಾಕಿ ಕಂಡುಕೊಂಡ ಇಸವಿಯನ್ನು ಪಟ್ಟಿಯಲ್ಲಿ ಕಂಸದೊಳಗೇ ಬರೆಯುತ್ತೇನೆ. ಕಾರ್ಡಿನಲ್ಲಿ ಇರುವುದು ಬೇರೆ, ನಾನು ಹೇಳುವುದು ಬೇರೆ ಅಂತ ಓದುವವರಿಗೆ ಕಾಣಬೇಕು.

ಹಳೆಯ ಜಮೀನಿನ ಕಾಗದಗಳು ಮೋಡಿಯಲ್ಲಿದ್ದವು, ಅಂದರೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡುಬರಹದ ಲಿಪಿಯಲ್ಲಿ. ಈ ಭಾಗ ಮುಂಬಯಿ ಪ್ರಾಂತ್ಯದಲ್ಲಿತ್ತಲ್ಲ, ಇಲ್ಲಿ ಮೋಡಿ ಸಿಗುವುದು ಸಹಜ. ನನಗೆ ಓದಲು ಬರದು. "ಮೋಡಿ, ಓದಿಲ್ಲ" ಎಂದು ಬರೆದು ಅದೇ ಜಾಗದಲ್ಲಿ ಬಿಟ್ಟೆ. ಸುಮ್ನೆ ಊಹೆ ಬರೆದಿಟ್ಟರೆ ಮುಂದೆ ಬರುವವರು ಅದನ್ನೇ ನಂಬಿಬಿಡುತ್ತಾರೆ.

ತುಕ್ಕು ಹಿಡಿದ ಗುಂಡುಸೂಜಿ, ಅಂಟಿಕೊಂಡ ರಬ್ಬರ್ ಬ್ಯಾಂಡುಗಳನ್ನು ನಿಧಾನವಾಗಿ ತೆಗೆಯಬೇಕು. ಸೆಲೋಟೇಪನ್ನು ಮಾತ್ರ ಎಳೆಯಲೇಬಾರದು, ಅಕ್ಷರವೂ ಅದರ ಜೊತೆ ಎದ್ದು ಬರುತ್ತದೆ. ಅದು ಕಲಿತವರ ಕೆಲಸ.

ಮನೆಯ ಆಸ್ತಿ ಜಗಳದ ಪತ್ರಗಳ ಬಗ್ಗೆ ಸೊಸೆಯವರ ಜೊತೆ ಕೂತು ಮಾತಾಡಿದೆ. ಅದರಲ್ಲಿರುವ ಕೆಲವರು ಇನ್ನೂ ಬದುಕಿದ್ದಾರೆ. ಅವರು ಒಪ್ಪುವ ತನಕ ಆ ಪತ್ರಗಳು ಬೇರೆ ಪೆಟ್ಟಿಗೆಯಲ್ಲಿ, ಬೀಗದೊಳಗೆ. ಎಲ್ಲಿಂದ ತೆಗೆದದ್ದು ಎಂಬ ಚೀಟಿಯನ್ನು ಕಟ್ಟಿನ ಆ ಜಾಗದಲ್ಲೇ ಇಟ್ಟಿದ್ದೇನೆ.